ಬಿಗಿದ ಎಂಟು ನಟ್ಟುಗಳು

ಫಟ್, ಫಟ್, ಫಟಫಟ ಫಟ್.

ಬೆಳಗಿನ ಆರೂವರೆಗೆ ಚಾಲೈ ಬಜಾರಿನ ಹಿಂದಿನ ಓಣಿಯಲ್ಲಿ ಮೆಣಸಿನಪುಡಿ ಗಿರಣಿಯ ಬೆಲ್ಟು ಚಕ್ರಕ್ಕೆ ಬಡಿದುಕೊಳ್ಳತೊಡಗುತ್ತದೆ. ಗಿರಣಿಯ ಎದುರಿನ ಮಹಡಿಯಲ್ಲಿ ಬಾಡಿಗೆಗಿರುವ ಮುನಿಯಪ್ಪ ಹಲ್ಲುಜ್ಜುತ್ತ ಬಾಲ್ಕನಿಗೆ ಬಂದು, ಹಾಡು ಕೇಳುವವನ ಹಾಗೆ ತಲೆ ಓರೆ ಮಾಡಿ ನಿಲ್ಲುತ್ತಾನೆ. ಆಮೇಲೆ ಬಾಯಿ ಮುಕ್ಕಳಿಸಿ ಕೆಳಗೆ ಕೂಗಿ ಹೇಳುತ್ತಾನೆ, ಈ ಬೆಲ್ಟು ಇನ್ನೆರಡು ದಿನ ಬಂದರೆ ಹೆಚ್ಚು ಎಂದು. ಎರಡನೇ ದಿನಕ್ಕೆ ಬೆಲ್ಟು ಹರಿಯುತ್ತದೆ. ತಿರುವನಂತಪುರದಲ್ಲಿ ತನಗಿಂತ ಹಿರಿಯರನ್ನೆಲ್ಲ ‘ಅಣ್ಣಾ’ ಎನ್ನುವ ರೂಢಿ. ಗಿರಣಿಯವನೂ ಹಾಗೇ ಕರೆದು, “ಅಣ್ಣಾ, ನಿಮ್ಮದು ಕಿವಿಯಲ್ಲ, ಎಕ್ಸ್‌ರೇ ಮಿಷನ್ನು” ಎನ್ನುತ್ತಾನೆ.

ಇಂಥ ಮಾತನ್ನು ಮುನಿಯಪ್ಪ ಮೂವತ್ತು ವರ್ಷಗಳಿಂದ ಬೇರೆ ಬೇರೆ ಬಾಯಲ್ಲಿ ಕೇಳಿದ್ದಾನೆ. ಒಂದು ಸಲವೂ ಅಲ್ಲವೆಂದವನಲ್ಲ. ಆ ಕಿವಿಯನ್ನು ನಂಬಿ ಅವನು ಎಪ್ಪತ್ತೊಂದು ವರ್ಷದ ಹೆಂಗಸೊಬ್ಬರಿಗೆ ಇಲ್ಲದ ಕಾಯಿಲೆ ಹಚ್ಚಿದ.

ಕೋಲಾರ ಸೀಮೆಯ ಮಾಲೂರಿನ ಕಡೆಯವನು. ಐಟಿಐ ಮುಗಿಸಿ ಇಪ್ಪತ್ತೊಂದನೇ ವಯಸ್ಸಿಗೆ ಕೊಚ್ಚಿಗೆ ಬಂದ. ತೋಪ್ಪುಂಪಡಿಯ ಬಂದರಿನಲ್ಲಿ, ವಾರಗಟ್ಟಲೆ ಸಮುದ್ರದಲ್ಲಿರುವ ದೊಡ್ಡ ಬೋಟುಗಳ ಮೀನಿನ ಕೋಣೆ ತಂಪಾಗಿಡುವ ಕಂಪ್ರೆಸರುಗಳನ್ನು ನೋಡಿಕೊಳ್ಳುವ ಕೆಲಸ. ಸ್ಕ್ರೂಡ್ರೈವರಿನ ಮೊನೆಯನ್ನು ಯಂತ್ರದ ಮೈಗೆ, ಹಿಡಿಯನ್ನು ಕಿವಿಗೆ ಒತ್ತಿ, ಒಳಗೆ ಏನು ಸವೆದಿದೆ ಎಂದು ಹೇಳುವುದನ್ನು ಅಲ್ಲೇ ಕಲಿತ. ಅವನ ಕಿವಿಗೆ ಅದು ಪಾಠವಾದರೆ ಕೈಗೆ ಇನ್ನೊಂದು ಪಾಠವಿತ್ತು. ಬೋಟು ಅಲೆಗೆ ಹೊರಳುವಾಗ ಒಂದು ಕಂಪ್ರೆಸರು ತನ್ನ ಜಾಗದಿಂದ ಮಿಸುಕಿದರೆ ಪೈಪು ಒಡೆಯುತ್ತದೆ, ಇಡೀ ಮೀನು ಕೊಳೆಯುತ್ತದೆ. ಆದ್ದರಿಂದ ಬೋಟಿನಲ್ಲಿ ಸಡಿಲವಾದದ್ದು ಯಾವುದೂ ಇರಬಾರದು. ಹತ್ತಾರು ವರ್ಷ ಕೊಚ್ಚಿಯಲ್ಲಿ, ಆಮೇಲೆ ವಿಳಿಂಜಂ ಬಂದರಿನಲ್ಲಿ, ಅವನು ಕಣ್ಣಿಗೆ ಬಿದ್ದ ನಟ್ಟನ್ನೆಲ್ಲ ಬಿಗಿಯುತ್ತ ಬಂದ. ಮನೆಯ ಕುಕ್ಕರಿನ ಹಿಡಿಯನ್ನೂ, ಬಸ್ಸಿನಲ್ಲಿ ತಾನು ಕೂತ ಸೀಟನ್ನೂ ಬಿಡುತ್ತಿರಲಿಲ್ಲ. ಹೆಂಡತಿ ರತ್ನ ಅದಕ್ಕೆ ನಗುತ್ತಿದ್ದಳು.

ವಯಸ್ಸಾಗಿ ಬೋಟು ಹತ್ತುವುದು ಕಷ್ಟವಾದಾಗ ಎಸಿ ಕಂಪನಿಯೊಂದಕ್ಕೆ ಸೇರಿದ. ತಿರುವನಂತಪುರದ ಕೋಟೆಯ ಹತ್ತಿರ ಒಂದು ಬ್ಯಾಂಕಿನ ವಲಯ ಕಚೇರಿ ಇದೆ. ಅಲ್ಲಿಯ ಎಸಿಗಳ ಉಸ್ತುವಾರಿ ಅವನಿಗೆ ಬಂತು. ಕಟ್ಟಡ ಹಳೆಯದು, ಎರಡು ಅಂತಸ್ತಿನದು. ಅದರ ಎಡಗೋಡೆಯೇ ಪಕ್ಕದ ಮನೆಗೂ ಗೋಡೆ. ಕಳೆದ ವರ್ಷ ಸರ್ವರ್ ಕೋಣೆಗೆಂದು ತಾರಸಿಯ ಮೇಲೆ ಎರಡು ಹೊಸ ಯೂನಿಟ್ಟು ಕೂರಿಸಿದರು. ಹಗಲೂ ರಾತ್ರಿಯೂ ಓಡುವಂಥವು. ಕೊಚ್ಚಿಯಿಂದ ಬಂದ ಕಂಪನಿಯ ಜನ ಅವನ್ನು ಆ ಗೋಡೆಯ ಮೇಲೆ ಹಾಯಿಸಿದ ಕಬ್ಬಿಣದ ಗರ್ಡರುಗಳ ಮೇಲಿಟ್ಟು ಹೋದ ಮರುದಿನ ಮುನಿಯಪ್ಪ ನೋಡಲು ಹತ್ತಿದ. ಮುಚ್ಚಳ ತೆಗೆದು ಕಂಪ್ರೆಸರಿಗೆ ಕೈ ಹಚ್ಚಿದ. ಅದು ಅಲ್ಲಾಡಿತು. ಬುಡದ ನಾಲ್ಕು ರಬ್ಬರುಗಳ ಮೇಲೆ ನಾಲ್ಕು ನಟ್ಟು ಸಡಿಲವಾಗಿ ಕೂತಿದ್ದವು. ಇನ್ನೊಂದರಲ್ಲೂ ಹಾಗೇ. ಥೂ, ಎಂಥ ಕೆಲಸ ಎಂದುಕೊಂಡ. ಎಂಟನ್ನೂ ಬಿಗಿದ. ಕೈಯಿಂದ ಅಲ್ಲಾಡಿಸಿ, ಬಂಡೆಯ ಹಾಗೆ ನಿಂತಿದ್ದು ಕಂಡು ಸಮಾಧಾನದಿಂದ ಕೆಳಗಿಳಿದ.

ಮೂರು ವಾರಕ್ಕೆ ವಿಲಾಸಿನಿ ಟೀಚರ್ ಬಂದರು.

ಪಕ್ಕದ ಮನೆಯವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಮಗ ಕೊಚ್ಚಿಯ ಐಟಿ ಪಾರ್ಕಿನಲ್ಲಿ. ಸಂಜೆ ಜಗಲಿಯಲ್ಲಿ ಏಳೆಂಟು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅವನನ್ನು ‘ಮೋನೇ’, ಮಗನೇ, ಎಂದು ಕರೆದು ಅವರು ಮಲಯಾಳದಲ್ಲಿ ಹೇಳಿದ್ದು ಮುನಿಯಪ್ಪನಿಗೆ ಇಂದಿಗೂ ನೆನಪಿದೆ.

“ಗೋಡೆಯೊಳಗೆ ಯಾರೋ ಕೂತು ಬಾಯಿ ಮುಚ್ಚಿಕೊಂಡು ರಾಗ ಎಳೀತಿದ್ದಾರೆ, ಮೋನೇ. ನಿಲ್ಲಿಸೋದೇ ಇಲ್ಲ.”

ಮುನಿಯಪ್ಪ ಸದ್ದು ಅಳೆಯುವ ಮೀಟರು ಹಿಡಿದು ಅವರ ಮನೆಗೆ ಹೋದ. ಕಿಟಕಿಯ ಬಳಿ ಅಳೆದ. ಬೀದಿಯ ಆಟೋಗಳದ್ದೇ ಅದಕ್ಕಿಂತ ಹೆಚ್ಚಿತ್ತು. ಟೀಚರ್ ಮಲಗುವ ಕೋಣೆಯ ಬಾಗಿಲು ತೆರೆದು, “ಒಳಗೆ ಬಾ. ಮಂಚದ ತಲೆಹಲಗೆಗೆ ಕೈ ಇಟ್ಟು ನೋಡು” ಅಂದರು. ಅವನ ಕಾಲಲ್ಲಿ ತಾರಸಿಯ ಮಸಿ ಇತ್ತು. ಒಂಟಿ ಹೆಂಗಸಿನ ಮಲಗುವ ಕೋಣೆ ಬೇರೆ. ಹೊಸ್ತಿಲ ಈಚೆ ನಿಂತು ಮೀಟರನ್ನು ಒಳಕ್ಕೆ ಚಾಚಿದ. “ನೋಡಿ ಟೀಚರೇ, ಏನಿಲ್ಲ” ಅಂದ.

ಆದರೂ ಅವನು ಕೈಕಟ್ಟಿ ಕೂತವನಲ್ಲ. ಕಂಪ್ರೆಸರಿಗೆ ದಪ್ಪ ಉಣ್ಣೆಗಂಬಳಿಯಂಥ ಹೊದಿಕೆ ಸುತ್ತಿದ. ಯೂನಿಟ್ಟುಗಳ ಸುತ್ತ ಒಳಗೆ ಸ್ಪಂಜು ಹಚ್ಚಿದ ತಗಡಿನ ಗೋಡೆ ಎಬ್ಬಿಸಿದ. ಫ್ಯಾನಿನ ರೆಕ್ಕೆ ತೊಳೆದ. ತಾರಸಿಯ ಮೇಲೆ ಸದ್ದು ಅರ್ಧಕ್ಕರ್ಧ ಇಳಿಯಿತು. ಸ್ಕ್ರೂಡ್ರೈವರು ಹಚ್ಚಿ ಕೇಳಿದರೆ ಒಳಗೆ ಕಂಪ್ರೆಸರು ಮಗು ಉಸಿರಾಡಿದ ಹಾಗೆ ಓಡುತ್ತಿತ್ತು. ಟೀಚರ್ ಮಾತ್ರ ಮತ್ತೆ ಬಂದರು, ಮತ್ತೂ ಬಂದರು.

ಬ್ಯಾಂಕಿನ ಆಡಳಿತ ನೋಡಿಕೊಳ್ಳುವ ಮ್ಯಾನೇಜರು ಯಜ್ಞನಾರಾಯಣ ಉಡುಪಿಯವರು. ಇಡೀ ಕಚೇರಿಯಲ್ಲಿ ಮುನಿಯಪ್ಪನೊಡನೆ ಕನ್ನಡ ಆಡುವವರು ಅವರೊಬ್ಬರೇ. ಆ ಸಲಿಗೆಯಲ್ಲಿ, “ಎಂತ ಮುನಿಯಪ್ಪ, ನಿನ್ನ ಗರ್ಲ್‌ಫ್ರೆಂಡು ಪುನಃ ಬಂದಿದ್ದಾರೆ ಮಾರಾಯ. ಕೆಳಗೆ ಕೂತಿದ್ದಾರೆ. ನೀನು ಹೋಗದೆ ಅವರು ಏಳುವುದಿಲ್ಲ” ಎಂದು ಚುಡಾಯಿಸುತ್ತಿದ್ದರು. ಸುತ್ತ ಇದ್ದವರು ಕನ್ನಡ ತಿಳಿಯದಿದ್ದರೂ ನಗುತ್ತಿದ್ದರು.

ಐದನೆಯ ಸಲವೋ ಆರನೆಯ ಸಲವೋ ಮುನಿಯಪ್ಪ ಆ ಮಾತು ಹೇಳಿದ. ಸಿಟ್ಟಿನಿಂದಲ್ಲ, ಮೃದುವಾಗಿಯೇ ಹೇಳಿದ.

“ಬೇಜಾರು ಮಾಡ್ಕೋಬೇಡಿ ಟೀಚರೇ. ಮಿಷನ್ನಿನಲ್ಲಿ ಸದ್ದಿಲ್ಲ. ವಯಸ್ಸಾದ ಮೇಲೆ ಕೆಲವರಿಗೆ ಕಿವಿಯೊಳಗೇ ಸದ್ದು ಹುಟ್ಟುತ್ತೆ. ನಮ್ಮತ್ತೆಗೂ ಹೀಗೇ ಆಗಿತ್ತು. ಒಂದು ಸಲ ಡಾಕ್ಟರಿಗೆ ತೋರಿಸಿ.”

ಅವನ ಅತ್ತೆಗೆ ಅಂಥದ್ದೇನೂ ಆಗಿರಲಿಲ್ಲ.

ಟೀಚರ್ ಕೊಡೆ ತೆಗೆದುಕೊಂಡು ಎದ್ದರು. ಆಮೇಲೆ ಬ್ಯಾಂಕಿಗೆ ಬರಲಿಲ್ಲ. ಮಗ ಬಂದು ಕಿವಿಯ ಡಾಕ್ಟರ ಬಳಿ ಕರೆದೊಯ್ದನೆಂದೂ, ದಿನಕ್ಕೆ ಎರಡು ಮಾತ್ರೆ ನುಂಗುತ್ತಿದ್ದಾರೆಂದೂ, ಮಾತ್ರೆಗೆ ಮಂಪರು ಹತ್ತಿ ಮಕ್ಕಳಿಗೆ ಪಾಠ ಹೇಳುವುದು ನಿಲ್ಲಿಸಿದ್ದಾರೆಂದೂ ಕಾವಲುಗಾರ ಹೇಳಿದ. ಮುನಿಯಪ್ಪನಿಗೆ ಪಾಪ ಅನ್ನಿಸಿತು. ತನ್ನ ಊಹೆ ಸರಿಯಾಯಿತಲ್ಲ ಎಂದು, ಹೇಳಿಕೊಳ್ಳಲಾಗದ ಒಂದು ಹೆಮ್ಮೆಯೂ ಆಯಿತು.

ಹೀಗೆ ಹದಿನಾಲ್ಕು ತಿಂಗಳು ಕಳೆದವು.

ಒಂದು ಸೋಮವಾರ ಕಂಪನಿಯ ಕೊಚ್ಚಿ ಕಚೇರಿಯಿಂದ ವರ್ಷದ ತಪಾಸಣೆಗೆ ಇಂಜಿನಿಯರ್ ಬಂದಳು. ಹೆಸರು ಇಂಚರಾ, ಮೈಸೂರಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಮುನಿಯಪ್ಪನಿಗೆ ಕನ್ನಡ ಬರುತ್ತದೆಂದು ತಿಳಿದದ್ದೇ ಅಂಕಲ್ ಅಂಕಲ್ ಎಂದು ಮಾತಿನ ಮಳೆ ಸುರಿಸುತ್ತ ತಾರಸಿ ಹತ್ತಿದಳು. ಕುಡಿಯುತ್ತಿದ್ದ ಚಹಾದ ಲೋಟವನ್ನು ಗರ್ಡರಿನ ಮೇಲಿಟ್ಟು ಚೀಲದಿಂದ ಕಾಗದ ತೆಗೆದವಳು ಅಲ್ಲೇ ನಿಂತುಬಿಟ್ಟಳು.

“ಅಂಕಲ್, ಇಲ್ನೋಡಿ.”

ಲೋಟದ ಚಹಾದ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದು ಅಂಚಿಗೆ ಹೋಗಿ ಅಳಿಯುತ್ತಿದ್ದವು. ಅಳಿದಲ್ಲೇ ಮತ್ತೆ ಏಳುತ್ತಿದ್ದವು.

ಅವಳು ಯೂನಿಟ್ಟು ನಿಲ್ಲಿಸಿ, ಮುಚ್ಚಳ ತೆಗೆದು, ಕಂಪ್ರೆಸರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಲು ನೋಡಿದಳು. “ಇದು ಆಡ್ಬೇಕಲ್ವಾ? ಯಾಕೆ ಬಂಡೆ ತರ ನಿಂತಿದೆ?” ಬಗ್ಗಿ ಬುಡಕ್ಕೆ ಟಾರ್ಚು ಬಿಟ್ಟಳು. “ಅಯ್ಯೋ, ರಬ್ಬರ್ ಪೂರ್ತಿ ಚಪ್ಪಟೆ! ಯಾರು ಅಂಕಲ್ ಇದನ್ನ ಇಷ್ಟು ಟೈಟ್ ಮಾಡಿದ್ದು? ಕಂಪ್ರೆಸರು ಈ ರಬ್ಬರಿನ ಮೇಲೆ ತೇಲ್ಬೇಕು. ಹೀಗೆ ಕಟ್ಟಿಹಾಕಿದ್ರೆ ಅದರ ನಡುಕ ಎಲ್ಲ ಗರ್ಡರಿಗೆ, ಅಲ್ಲಿಂದ ಗೋಡೆಗೆ. ಹೊರಗಡೆ ಮೀಟರಿಟ್ರೆ ಏನೂ ತೋರ್ಸಲ್ಲ. ಗೋಡೆಗೆ ತಲೆ ಕೊಟ್ಟು ಮಲಗೋರಿಗೆ ಮಾತ್ರ ಗೊತ್ತಾಗತ್ತೆ. ಪಕ್ಕದ ಮನೆಯವರು ಏನೂ ಹೇಳ್ಲಿಲ್ವಾ?”

ಮುನಿಯಪ್ಪನ ಕೈ ತಾನಾಗಿ ಜೇಬಿನ ಸ್ಪ್ಯಾನರನ್ನು ಮುಟ್ಟಿತು.

“ಫಿಟಿಂಗ್ ಮಾಡಿದೋರು ಬಿಗಿ ಮಾಡಿರ್ಬೇಕಮ್ಮ” ಅಂದ.

“ಪೇಪರಲ್ಲಿ ದಪ್ಪಕ್ಷರದಲ್ಲಿ ಬರ್ದಿರ್ತಾರೆ, ಆದ್ರೂ ಹೀಗೆ ಮಾಡ್ತಾರೆ ನೋಡಿ. ಇರಿ, ಕಾರಲ್ಲಿ ಹೊಸ ರಬ್ಬರ್ ಇದೆ, ತರ್ತೀನಿ. ಈ ಗರ್ಡರಿಗೂ ಕೆಳಗೆ ಪ್ಯಾಡ್ ಕೊಟ್ಬಿಡೋಣ.”

ಅವಳು ಇಳಿದು ಹೋದ ಮೇಲೆ ಎರಡನೆಯ ಯೂನಿಟ್ಟೊಂದೇ ಓಡುತ್ತಿತ್ತು. ಮುನಿಯಪ್ಪ ಸ್ಕ್ರೂಡ್ರೈವರು ತೆಗೆದು, ಮೊಣಕಾಲೂರಿ, ಮೊದಲ ಸಲ ಅದನ್ನು ಯಂತ್ರಕ್ಕಲ್ಲದೆ ಗೋಡೆಗೆ ಹಚ್ಚಿ ಕಿವಿ ಕೊಟ್ಟ. ಇಟ್ಟಿಗೆಯ ಆಳದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆಯುತ್ತಿದ್ದರು. ನಿಲ್ಲಿಸಲೇ ಇಲ್ಲ. ಅವನ ಕುತ್ತಿಗೆಯಿಂದ ಬಿಸಿ ಮೇಲೇರಿ ಕೆನ್ನೆ ಸುಟ್ಟಿತು. ಬಿಸಿಲಿನದೆಂದುಕೊಂಡು ಕರವಸ್ತ್ರದಿಂದ ಒರೆಸಿದ, ಹೋಗಲಿಲ್ಲ.

ಹೊಸ ರಬ್ಬರು ಹಾಕಿ, ಎಂಟೂ ನಟ್ಟುಗಳನ್ನು ಒಂದು ನಾಣ್ಯ ತೂರುವಷ್ಟು ಸಡಿಲ ಬಿಟ್ಟು, ಗರ್ಡರಿನ ಕೆಳಗೆ ಪ್ಯಾಡು ಸೇರಿಸಿ ಯಂತ್ರ ಚಾಲೂ ಮಾಡಿದಾಗ ಇಂಚರಾಳ ಚಹಾ ಕನ್ನಡಿಯ ಹಾಗೆ ನಿಂತಿತ್ತು. ‘ಅಳವಡಿಸಿದವರ ತಪ್ಪು’ ಎಂದು ಅವಳು ವರದಿಯಲ್ಲಿ ಬರೆದಳು. ಮುನಿಯಪ್ಪ ಅದರ ಕೆಳಗೆ ಸಹಿ ಹಾಕಿದ.

“ಪಕ್ಕದ ಮನೆಯವ್ರಿಗೆ ಹೇಳ್ಬಿಡಿ ಅಂಕಲ್, ಖುಷಿಪಡ್ತಾರೆ.”

“ಹೇಳ್ತೀನಮ್ಮ.”

ಅಂದೇ ಹೇಳಬಹುದಿತ್ತು. ಟೀಚರ ಮನೆಯ ಗೇಟು ಬ್ಯಾಂಕಿನ ಗೇಟಿನಿಂದ ಇಪ್ಪತ್ತು ಹೆಜ್ಜೆ. ಮುನಿಯಪ್ಪ ಬಸ್ ಸ್ಟಾಪಿಗೆ ಇನ್ನೊಂದು ಬೀದಿಯಿಂದ ಹೋದ. ಮಂಗಳವಾರವೂ, ಬುಧವಾರವೂ ಹಾಗೇ ಹೋದ.

ಗುರುವಾರ ಟೀಚರೇ ಬಂದರು. ಎಷ್ಟೋ ತಿಂಗಳ ಮೇಲೆ ನೋಡಿದ್ದು. ಇಳಿದುಹೋಗಿದ್ದರು. ಮೆಟ್ಟಿಲನ್ನು ಒಂದೊಂದಾಗಿ ಲೆಕ್ಕ ಮಾಡಿದ ಹಾಗೆ ಹತ್ತುತ್ತಿದ್ದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಯಜ್ಞನಾರಾಯಣರ ಮೇಜಿನ ಬಳಿ ನಿಂತಿದ್ದ ಮುನಿಯಪ್ಪನ ಕೈಗೇ ಅದನ್ನು ಇಟ್ಟರು.

“ಅಡ. ಬಾಳೆಲೆಯಲ್ಲಿ ಬೇಯಿಸಿದ್ದು, ಬಿಸಿ ಇದೆ, ತಿನ್ನು. ಕ್ಷಮೆ ಕೇಳೋಕೆ ಬಂದೆ, ಮೋನೇ.”

“ಯಾಕೆ ಟೀಚರೇ?”

“ಮೊನ್ನೆ ಸೋಮವಾರದಿಂದ ಆ ರಾಗ ನಿಂತಿದೆ. ಮಾತ್ರೆ ಕೊನೆಗೂ ಹಿಡೀತು. ಇನ್ನೂ ಒಂದು ವರ್ಷ ಬಿಡದೆ ತಗೋಬೇಕು ಅಂದಿದ್ದಾರೆ ಡಾಕ್ಟರು. ತಗೋತೀನಿ. ನೀನು ಆವತ್ತೇ ಹೇಳಿದ್ದೆ, ನಾನು ನಂಬಲಿಲ್ಲ. ಕೆಲಸ ಮಾಡೋನನ್ನ ಎಷ್ಟು ಸಲ ಸುಮ್ಮನೆ ಓಡಾಡಿಸಿದೆ. ಬಿಸಿಲಲ್ಲಿ ತಗಡೆಲ್ಲ ಹೊತ್ತೆ ನೀನು. ಮನಸ್ಸಲ್ಲಿ ಇಟ್ಕೋಬೇಡ.”

ಯಜ್ಞನಾರಾಯಣ ಕುರ್ಚಿಯಿಂದಲೇ ತಮ್ಮ ಹರುಕು ಮಲಯಾಳದಲ್ಲಿ, “ನಮ್ಮ ಮುನಿಯಪ್ಪನ ಕಿವಿ ತಪ್ಪುವುದಿಲ್ಲ, ಟೀಚರ್” ಅಂದರು. ಆಮೇಲೆ ಕನ್ನಡದಲ್ಲಿ, “ಎಂತ ಮಾರಾಯ, ಸನ್ಮಾನವೇ ಆಯ್ತಲ್ಲ ನಿನಗೆ!” ಅಂದರು.

ಮುನಿಯಪ್ಪನ ಬಾಯಿ ತೆರೆಯಿತು. ಮ್ಯಾನೇಜರು ನಗುತ್ತಿದ್ದರು, ಪಕ್ಕದ ಮೇಜಿನವರು ಅಡದ ಪರಿಮಳಕ್ಕೆ ತಿರುಗಿ ನೋಡುತ್ತಿದ್ದರು. “ಪರವಾಗಿಲ್ಲ ಟೀಚರೇ” ಅಂದ. ತಾನೇ ಕ್ಷಮಿಸಿದವನ ಹಾಗೆ ಅಂದ.

ಅಡ ತಿನ್ನಲಾಗಲಿಲ್ಲ. ಮನೆಗೆ ಒಯ್ದ. ಕಾಲೇಜಿಗೆ ಹೋಗುವ ಮಗಳು ಹರ್ಷಿತಾ ಅಷ್ಟನ್ನೂ ತಿಂದಳು. ತೊಳೆದ ಡಬ್ಬಿ ಕಪಾಟಿನ ಮೇಲೆ ಕೂತಿತು. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ಅವರ ಮನೆಯಲ್ಲಿಲ್ಲ. ರತ್ನ ನಿಪ್ಪಟ್ಟು ಕರಿದು ತುಂಬಿಟ್ಟಳು. ಅವನು ದಿನವೂ ಮರೆತ. ಬೆಳಗ್ಗೆ ಡಬ್ಬಿಗೆ ಬೆನ್ನು ಮಾಡಿ ಅಂಗಿ ತೊಡುತ್ತಿದ್ದ. ಎದುರಿನ ಗಿರಣಿಯ ಬೆಲ್ಟಿನ ಬಗ್ಗೆ ಯಾರೋ ಕೇಳಿದರೆ, “ನಂಗೊತ್ತಿಲ್ಲ” ಅಂದ. ಮಧ್ಯಾಹ್ನ ಊಟದ ಹೊತ್ತಿಗೆ ಟೀಚರು ಈಗ ಒಂದು ಮಾತ್ರೆ ನುಂಗುತ್ತಿರಬಹುದು ಎಂದು ನೆನಪಾಗಿ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಮುಂದಿನ ಗುರುವಾರ ರತ್ನ ಡಬ್ಬಿಯನ್ನು ತಂದು ಅವನ ಮುಂದೆ ಕುಕ್ಕಿದಳು.

“ವಾರ ಆಯ್ತು. ನಿಪ್ಪಟ್ಟು ಮೆತ್ತಗಾಗಿ ಮತ್ತೆ ಕರಿದು ತುಂಬಿವ್ನಿ. ಏನಾಗೈತೆ ನಿಮ್ಗೆ? ಆಯಮ್ಮನ ಮನೆ ಅಂದ್ರೆ ಯಾಕೆ ಹಿಂಗಾಡ್ತೀರಾ?”

ಅವನು ಹೇಳಿದ. ನಟ್ಟು, ರಬ್ಬರು, ಗೋಡೆ, ವರದಿ, ಮಾತ್ರೆ. ಹೇಳುವಾಗ ನಿಪ್ಪಟ್ಟಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಬಿಗಿ ಮಾಡುತ್ತಿದ್ದ. ರತ್ನ ಕೊನೆಯವರೆಗೂ ಕೇಳಿದಳು. ಎಲ್ಲ ಬಿಟ್ಟು ಒಂದನ್ನೇ ಹಿಡಿದಳು.

“ನಮ್ಮಮ್ಮಂಗೆ ಯಾವಾಗ ಬಂದಿತ್ತು ಕಿವಿ ರೋಗ?”

“ಏನೋ ಒಂದು ಮಾತಿಗೆ ಅಂದೆ ಕಣೆ.”

“ಸಾಯೋಗಂಟ ಹಿತ್ತಲಲ್ಲಿ ಕೋಳಿ ಕೆರೆದ್ರೂ ಕೇಳಿಸ್ತಿತ್ತು ನಮ್ಮಮ್ಮಂಗೆ. ನಿಮ್ಮ ಮಾತು ಉಳಿಸ್ಕೊಳ್ಳಾಕೆ ಸತ್ತೋಳ್ಗೂ ಕಾಯಿಲೆ ಅಂಟಿಸ್ಬುಟ್ರಲ್ಲ.” ಅವಳು ಎದ್ದು ನಿಂತಳು. “ನಾಳೆ ಹೋಗಿ ಹೇಳಿ. ಇಲ್ಲಾಂದ್ರೆ ಡಬ್ಬಿ ನಾನೇ ತಗೊಂಡೋಯ್ತೀನಿ. ನಂಗೆ ಬರೋ ಅಷ್ಟು ಮಲಯಾಳ ಸಾಕು.”

ಶುಕ್ರವಾರ ಬೆಳಗ್ಗೆ ಅವನು ಮೊದಲು ಕೊಚ್ಚಿಗೆ ಫೋನು ಮಾಡಿದ. ಇಂಚರಾ, “ರಿಪೋರ್ಟ್ ತಿದ್ದಿ ಕಳಿಸ್ತೀನಿ. ನಿಮ್ಮ ಹೆಸರು ಹಾಕ್ಬೇಕಾಗತ್ತೆ, ಅಂಕಲ್” ಅಂದಳು. “ಹಾಕಮ್ಮ” ಅಂದ. ಅದು ಸುಲಭವಾಗಿತ್ತು. ಫೋನಿಗೆ ಮುಖವಿರಲಿಲ್ಲ.

ಸಂಜೆ ನಾಲ್ಕಕ್ಕೆ ಟೀಚರ ಗೇಟು ತೆರೆದ. ಜಗಲಿಯ ಕರಿಹಲಗೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು. ಟೀಚರ್ ಬೆತ್ತದ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಎಚ್ಚೆತ್ತು, ಕನ್ನಡಕ ಹುಡುಕಿ ಹಾಕಿಕೊಂಡು, “ಓ, ನೀನಾ! ಕೂತ್ಕೋ. ಚಹಾ ಇಡ್ತೀನಿ” ಎಂದು ಏಳಲು ಹೋದರು. ಪಕ್ಕದ ಸ್ಟೂಲಿನ ಮೇಲೆ ನೀರಿನ ಲೋಟ, ವಾರದ ಏಳು ದಿನಕ್ಕೆ ಏಳು ಮನೆ ಇರುವ ಮಾತ್ರೆಯ ಡಬ್ಬಿ.

“ಬೇಡ ಟೀಚರೇ. ಕೂತ್ಕೊಳ್ಳಿ. ಒಂದು ಮಾತು ಹೇಳ್ಬೇಕು.”

ಅವನು ಕೂರಲಿಲ್ಲ. ನಿಪ್ಪಟ್ಟಿನ ಡಬ್ಬಿ ಸ್ಟೂಲಿನ ಮೇಲಿಟ್ಟ. “ನಿಮ್ಮ ಕಿವಿಗೆ ಏನೂ ಆಗಿಲ್ಲ. ಸದ್ದು ಇತ್ತು. ಗೋಡೆಯಲ್ಲಿತ್ತು. ನಾನೇ ಮಾಡಿದ್ದು” ಅಂದ. ಆಮೇಲೆ ಎಂಟು ನಟ್ಟುಗಳ ಕಥೆಯನ್ನು, ಬೋಟಿನಲ್ಲಿ ಕಲಿತ ಕೈಯ ಅಭ್ಯಾಸವನ್ನು, ತನಗೆ ಬರುವ ಮಲಯಾಳದಲ್ಲಿ ಹೇಳಿದ. ಮಾತ್ರೆ ಮುಂದುವರಿಸಬೇಕೋ ಬೇಡವೋ ಡಾಕ್ಟರನ್ನೇ ಕೇಳಿ, ಬೇಕಾದರೆ ನಾನೂ ಬಂದು ಅವರಿಗೆ ಹೇಳುತ್ತೇನೆ ಎಂದ.

ಟೀಚರ್ ಅಲುಗಾಡದೆ ಕೇಳಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಒಂದು ಬಗೆಯ ಬೆಳಕು.

“ಹಾಗಾದ್ರೆ ನಂಗೆ ಭ್ರಮೆ ಅಲ್ಲ?”

“ಅಲ್ಲ ಟೀಚರೇ.”

“ಇದ್ದದ್ದೇ ಕೇಳಿಸ್ತಿತ್ತು?”

“ಇದ್ದದ್ದೇ.”

“ನನ್ನ ಮಗ, ಅಮ್ಮಂಗೆ ತಲೆ ಸರಿಯಿಲ್ಲ ಅಂತ ಹೆಂಡತಿ ಹತ್ರ ಪಿಸುಗುಟ್ಟಿದ್ದ. ಅದೂ ಕೇಳಿಸಿತ್ತು ನಂಗೆ.” ಟೀಚರ್ ನಕ್ಕರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ತುಂಬ ಹೊತ್ತು ಒರೆಸಿದರು. “ನನ್ನ ಕಿವಿಗೆ ವಯಸ್ಸಾಯ್ತು ಅಂದೆಯಲ್ಲ, ಆಗ ನಿಂಗೆ ಗೊತ್ತಿತ್ತಾ?”

“ಇಲ್ಲ. ದೇವರಾಣೆಗೂ ಇಲ್ಲ.”

“ಸರಿ. ತಪ್ಪು ಎಲ್ಲರಿಗೂ ಆಗ್ತದೆ. ನಾನು ಕರಿಹಲಗೆ ಮೇಲೆ ಎಷ್ಟೋ ತಪ್ಪು ಲೆಕ್ಕ ಮಾಡಿದ್ದೀನಿ, ಮಕ್ಕಳು ತೋರಿಸಿದಾಗ ಅಳಿಸಿದ್ದೀನಿ.” ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದರು. “ಗೊತ್ತಾಗಿದ್ದು ಯಾವಾಗ?”

ಮುನಿಯಪ್ಪ ನೆಲ ನೋಡಿದ. “ಹೋದ ವಾರ. ಸೋಮವಾರ.”

“ನಾನು ಅಡ ತಂದಿದ್ದು ಗುರುವಾರ.”

“ಹೂಂ.”

“ಆವತ್ತು ಗೊತ್ತಿತ್ತು ನಿಂಗೆ.”

“ಹೂಂ.”

ಟೀಚರ್ ಬೆರಳು ಮಡಿಸಿ ಎಣಿಸಿದರು. “ಹನ್ನೊಂದು ದಿನ. ದಿನಕ್ಕೆ ಎರಡು. ಇಪ್ಪತ್ತೆರಡು ಮಾತ್ರೆ.” ದನಿ ಏರಲಿಲ್ಲ. ಉತ್ತರ ತಪ್ಪಿಸಿದ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳುವ ಹಾಗೆ ಕೇಳಿದರು. “ಹದಿನಾಲ್ಕು ತಿಂಗಳು ಹೋಗಲಿ ಬಿಡು, ಅದು ನಿನ್ನ ಕೈ ಮಾಡಿದ್ದು. ಈ ಹನ್ನೊಂದು ದಿನ ಯಾಕೆ, ಮೋನೇ?”

ಮುನಿಯಪ್ಪ ಒಂದು ಮೆಟ್ಟಿಲು ಇಳಿದ. ಚಪ್ಪಲಿಯಲ್ಲಿ ಕಾಲು ತೂರಿಸಲು ನೋಡಿದ, ಎಡದ್ದಕ್ಕೆ ಬಲಗಾಲು ಹೋಯಿತು.

“ಅದು ಟೀಚರೇ… ಅಲ್ಲಿ ಮ್ಯಾನೇಜರು ಇದ್ರು, ಎಲ್ಲರೂ ಇದ್ರು… ಅಲ್ಲ, ಅದಲ್ಲ. ಎಲ್ಲರೂ ನನ್ನ ಕಿವಿ ಅಂದ್ರೆ… ನೀವು ಬಂದು ಕ್ಷಮೆ ಕೇಳಿದಾಗ ನಂಗೆ ಒಂದು ಥರ…” ಎನ್ನುತ್ತ ಮುನಿಯಪ್ಪ ತಿರುಗಿ, ಟೀಚರು ಕೂತು ಕಾಯುತ್ತಿದ್ದಾರೆಂದು ಬೆನ್ನಿಗೇ ಗೊತ್ತಾಗುತ್ತಿದ್ದರೂ, ಗೇಟಿನ ಕಡೆಗೆ, ಆಮೇಲೆ ಗೇಟು ದಾಟಿ ಬೀದಿಗೆ, “ನಂಗೆ ಆವತ್ತು…” ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ, ಬಸ್ ಸ್ಟಾಪು ಯಾವ ದಿಕ್ಕಿಗಿದೆ ಎಂಬುದನ್ನೂ ನೋಡದೆ ನಡೆಯುತ್ತ…